ಸೈಕಿಯಾಟ್ರಿ ಓದಿದ್ಮೇಲೆ ಯಾವ ಬ್ರಾಂಚ್? ಮೊದಲು ನಿಮ್ಮ ಪೇಷಂಟ್ ಯಾರು ಅಂತ ಕೇಳ್ಕೊಳ್ಳಿ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಇವತ್ತಿನ ಎಪಿಸೋಡ್‌ಗೆ ಕಾರಣ ಒಂದು ವಾಯ್ಸ್ ನೋಟ್. ಕಳಿಸಿದವರು ಉತ್ತರ ಕರ್ನಾಟಕದ ಒಬ್ಬ ಡಾಕ್ಟರ್. ಎಂಡಿ ಸೈಕಿಯಾಟ್ರಿ ಎರಡನೇ ವರ್ಷದಲ್ಲಿದ್ದಾರೆ. ಹೆಸರು, ಊರು, ಕಾಲೇಜು ಯಾವುದೂ ಬೇಡ ಅಂದಿದ್ದಾರೆ, ಹಾಗಾಗಿ ಹೇಳಲ್ಲ. ಅವರು ಕೇಳಿದ್ದು ಇಷ್ಟು: "ಅಣ್ಣಾರ, ಎಲ್ಲಾರೂ ಮುಂದ ಯಾವ ಬ್ರಾಂಚ್ ಅಂತ ಕೇಳ್ತಾರ. ಸೀನಿಯರ್ಸ್ ಮಕ್ಕಳ ಸೈಕಿಯಾಟ್ರಿ ತಗೋ, ಸ್ಕೋಪ್ ಐತಿ ಅಂತಾರ. ಮನ್ಯಾಗ ಅಪ್ಪಾಜಿ, ಇನ್ನೂ ಮೂರು ವರ್ಷ ಓದೋದಾ ಅಂತಾರ. ಎಜುಕೇಶನ್ ಲೋನ್ ಇನ್ನೂ ತೀರಿಲ್ಲ. ನಮ್ಮ ಊರ ಕಡೆ ಸೈಕಿಯಾಟ್ರಿಸ್ಟ್ ಅಂದ್ರ ಹುಡುಕಬೇಕು. ವಾಪಸ್ ಹೋಗ್ಲೋ, ಮುಂದ ಓದ್ಲೋ?"

ನಾನು ಬಿಕಾಂ ಓದಿದೋನು. ಮೆದುಳಿನ ಬಗ್ಗೆ ನನಗೆ ಗೊತ್ತಿರೋದು ಅದು ಎಕ್ಸಾಮ್ ಹಾಲ್‌ನಲ್ಲಿ ಕೈ ಕೊಡತ್ತೆ ಅನ್ನೋದಷ್ಟೇ. ಆದ್ರೆ ಈ ಪ್ರಶ್ನೆ ಅರ್ಧ ಮೆಡಿಕಲ್ ಆದ್ರೆ ಇನ್ನರ್ಧ ಲೆಕ್ಕಾಚಾರದ್ದು. ಪರಿಚಯದ ಮೂರು ಜನ ಸೈಕಿಯಾಟ್ರಿಸ್ಟ್‌ಗಳ ಹತ್ರ ಕೂತು ಮಾತಾಡಿದೆ, ಸಿಕ್ಕಿದ್ದೆಲ್ಲ ಓದಿದೆ. ಅದರಿಂದ ನನಗೆ ಅನ್ನಿಸಿದ್ದನ್ನ ಹೇಳ್ತೀನಿ. ನೀವು ಡಾಕ್ಟರ್ ಅಲ್ಲದಿದ್ರೂ ಕೇಳಿ. ಯಾಕೆ ಅಂತ ಕೊನೆಗೆ ಬರ್ತೀನಿ.

ಮೊದಲು ದಾರಿ ಯಾವುದು ನೋಡೋಣ

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಪಿಜಿ ಎಂಟ್ರೆನ್ಸ್ ಬರೆದು ಎಂಡಿ ಸೈಕಿಯಾಟ್ರಿ ಅಥವಾ ಡಿಎನ್‌ಬಿ, ಅದು ಮೂರು ವರ್ಷ. ಇಲ್ಲಿಗೆ ನೀವು ಪೂರ್ತಿ ಸೈಕಿಯಾಟ್ರಿಸ್ಟ್. ಸ್ಕಿಜೋಫ್ರೇನಿಯಾದಿಂದ ಹಿಡಿದು ಡಿಪ್ರೆಶನ್, ಕುಡಿತ, ಮಕ್ಕಳ ಹಠ, ವಯಸ್ಸಾದವರ ಮರೆವಿನವರೆಗೂ ಎಲ್ಲ ನೋಡಬಹುದು, ಔಷಧಿ ಬರೆಯಬಹುದು. ಸೈಕಾಲಜಿಸ್ಟ್ ಬೇರೆ, ಸೈಕಿಯಾಟ್ರಿಸ್ಟ್ ಬೇರೆ ಅನ್ನೋದು ನಮ್ಮ ಹಳೇ ಕೇಳುಗರಿಗೆ ಗೊತ್ತು. ಹೊಸಬರಿಗೆ ಒಂದೇ ಸಾಲು: ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮಾಡಿದ ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮತ್ತು ಥೆರಪಿಯಲ್ಲಿ ತರಬೇತಿ ಪಡೆದವರು, ಅವರು ಮಾತ್ರೆ ಬರೆಯಲ್ಲ.

ಎಂಡಿ ಆದ್ಮೇಲೆ ಇನ್ನೂ ಓದಬೇಕು ಅಂದ್ರೆ ಎರಡು ಥರ ಇದೆ. ಒಂದು ಡಿಎಂ, ಮತ್ತೆ ಮೂರು ವರ್ಷ. ಸೈಕಿಯಾಟ್ರಿಯಲ್ಲಿ ಡಿಎಂ ಅಂದ್ರೆ ಮುಖ್ಯವಾಗಿ ಮೂರು ಹೆಸರು ಕೇಳಿಬರತ್ತೆ: ಮಕ್ಕಳು ಮತ್ತು ಹದಿಹರೆಯದವರದ್ದು, ವ್ಯಸನದ್ದು, ವಯೋವೃದ್ಧರದ್ದು. ಇವು ಎಲ್ಲ ಕಾಲೇಜಲ್ಲೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್, ದಿಲ್ಲಿಯ ಏಮ್ಸ್, ಚಂಡೀಗಢದ ಪಿಜಿಐ, ಲಖನೌದ ಕಿಂಗ್ ಜಾರ್ಜ್ ಮೆಡಿಕಲ್ ಯೂನಿವರ್ಸಿಟಿ ಥರದ ಕೆಲವೇ ಸಂಸ್ಥೆಗಳಲ್ಲಿ, ಅದೂ ಬೆರಳೆಣಿಕೆಯ ಸೀಟು. ಇನ್ನೊಂದು ದಾರಿ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್, ಸಾಮಾನ್ಯವಾಗಿ ಒಂದು ವರ್ಷ. ಕೋರ್ಟು-ಕಾನೂನಿನ ಸೈಕಿಯಾಟ್ರಿ, ಗರ್ಭಿಣಿ-ಬಾಣಂತಿಯರ ಮಾನಸಿಕ ಆರೋಗ್ಯ, ಸಮುದಾಯ ಸೈಕಿಯಾಟ್ರಿ, ಬೇರೆ ವಾರ್ಡ್‌ಗಳ ರೋಗಿಗಳನ್ನ ನೋಡೋ ಕನ್ಸಲ್ಟೇಶನ್ ಲಿಯೇಸನ್, ಇಂಥವಕ್ಕೆ ಹೆಚ್ಚಾಗಿ ಇದೇ ದಾರಿ.

ದಾರಿ ಇಷ್ಟೇ. ಇದನ್ನ ಯಾವ ವೆಬ್‌ಸೈಟ್ ಬೇಕಾದ್ರೂ ಹೇಳತ್ತೆ. ಹೇಳದೇ ಇರೋದು, ಆ ಬ್ರಾಂಚ್ ತಗೊಂಡ್ರೆ ನಿಮ್ಮ ಒಂದು ಮಂಗಳವಾರ ಹೇಗಿರತ್ತೆ ಅಂತ. ಟೆಕ್ಸ್ಟ್‌ಬುಕ್‌ನಲ್ಲಿ ಯಾವ ಚಾಪ್ಟರ್ ಇಷ್ಟ ಆಯ್ತು ಅಂತ ನೋಡಿ ಬ್ರಾಂಚ್ ಆರಿಸೋದು, ಟ್ರೇಲರ್ ನೋಡಿ ಸೈಟ್ ರಿಜಿಸ್ಟರ್ ಮಾಡಿಸಿದ ಹಾಗೆ. ಎದುರಿಗೆ ಕೂರೋದು ಯಾರು, ಅವರ ಜೊತೆ ಯಾರು ಬಂದಿರ್ತಾರೆ, ಅವರು ನಿಮ್ಮಿಂದ ಏನು ಬಯಸ್ತಾರೆ, ಮೂವತ್ತು ವರ್ಷ ಅದನ್ನೇ ಕೇಳೋಕೆ ನಿಮ್ಮಲ್ಲಿ ತಾಳ್ಮೆ ಇದೆಯಾ? ಅಲ್ಲಿಂದ ಶುರು ಮಾಡೋಣ.

ಮಕ್ಕಳ ಸೈಕಿಯಾಟ್ರಿ: ಪೇಷಂಟ್ ಒಬ್ಬ, ಎದುರಿಗೆ ಐದು ಜನ

ಸ್ಕೋಪ್ ಇದೆ ಅನ್ನೋದು ಸುಳ್ಳಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ಮಾಡಿದ್ರು. ಅದರ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಯಾವುದಾದ್ರೂ ಒಂದು ಮಾನಸಿಕ ಸಮಸ್ಯೆ ಇತ್ತು. ಅದೂ ಕೋವಿಡ್‌ಗೆ ಮುಂಚಿನ ಮಾತು.

ಆದ್ರೆ ಈ ಕೆಲಸದ ಸ್ವಭಾವ ಬೇರೆ. ದೊಡ್ಡವರಾದ್ರೆ ಡಾಕ್ಟ್ರೇ ನಿದ್ದೆ ಬರ್ತಿಲ್ಲ ಅಂತ ತಾವೇ ಹೇಳ್ತಾರೆ. ಮಗು ತಾನಾಗಿ ಬಂದಿರಲ್ಲ, ಕರ್ಕೊಂಡು ಬಂದಿರ್ತಾರೆ. ಅಮ್ಮ ಹೇಳೋ ಕಥೆ ಒಂದು, ಅಪ್ಪನದ್ದು ಇನ್ನೊಂದು, ಅಜ್ಜಿ "ಇವನ ಅಪ್ಪನೂ ಹೀಗೇ ಇದ್ದ, ಸರಿ ಹೋದ" ಅಂತಾರೆ. ಶಾಲೆಯ ಟೀಚರ್ ಫೋನ್‌ನಲ್ಲಿ ಮತ್ತೊಂದು ಹೇಳ್ತಾರೆ. ಮಗು ಮೂಲೆಯಲ್ಲಿ ಕೂತು ಸ್ಟ್ಯಾಂಪ್ ಪ್ಯಾಡ್ ಬಿಚ್ಚುತ್ತಾ ಇರತ್ತೆ. ಇಷ್ಟರಲ್ಲಿ ನೀವು ಇದು ಎಡಿಎಚ್‌ಡಿನಾ, ಕಲಿಕಾ ನ್ಯೂನತೆನಾ, ಆಟಿಸಂನಾ, ಅಥವಾ ಮನೆಯಲ್ಲಿ ದಿನಾ ನಡೀತಿರೋ ಜಗಳಕ್ಕೆ ಮಗು ಕೊಡ್ತಿರೋ ಉತ್ತರಾನಾ ಅಂತ ಬಿಡಿಸಬೇಕು. ಇದನ್ನ ಹತ್ತು ನಿಮಿಷದಲ್ಲಿ ಮಾಡೋಕಾಗಲ್ಲ.

ಇನ್ನೊಂದು ವಿಷಯ, ಇದು ಒಬ್ಬರೇ ಮಾಡೋ ಕೆಲಸವೂ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಸ್ಪೀಚ್ ಥೆರಪಿಸ್ಟ್ ಬೇಕು, ಆಕ್ಯುಪೇಶನಲ್ ಥೆರಪಿಸ್ಟ್ ಬೇಕು, ಸ್ಪೆಷಲ್ ಎಜುಕೇಟರ್ ಬೇಕು. ಮೈಸೂರಿನವರಿಗೆ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ, ಬೆಂಗಳೂರು ಮಂಗಳೂರಲ್ಲೂ ಜನ ಸಿಗ್ತಾರೆ. ಸಣ್ಣ ಊರಲ್ಲಿ? ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ಪರೀಕ್ಷೆಗೆ ಡಿಇಐಸಿ ಅಂತ ಕೇಂದ್ರ ಇರತ್ತೆ, ಒಳ್ಳೇ ಯೋಜನೆ. ಅಲ್ಲಿ ಹುದ್ದೆ ಭರ್ತಿ ಆಗಿದೆಯಾ ಇಲ್ವಾ ಅನ್ನೋದನ್ನ ಹೋಗಿ ನೋಡಿ ತಿಳ್ಕೊಳ್ಳಿ. ಟೀಮ್ ಇಲ್ಲದ ಊರಲ್ಲಿ ಮಕ್ಕಳ ಸೈಕಿಯಾಟ್ರಿಸ್ಟ್ ಆಗಿ ಕೂತ್ರೆ, ಆಟಿಸಂ ಅಂತ ಹೆಸರು ಹೇಳಿ ಕಳಿಸೋದಷ್ಟೇ ಕೆಲಸ ಆಗಿಬಿಡೋ ಅಪಾಯ ಇದೆ. ಆ ಅಪ್ಪ ಅಮ್ಮ "ಮುಂದೇನು ಡಾಕ್ಟ್ರೇ?" ಅಂದಾಗ ನಿಮ್ಮ ಹತ್ರ ಉತ್ತರ ಇರಲ್ಲ.

ಲೆಕ್ಕದ ಮಾತು ಬಂದ್ರೆ ನನಗೆ ಖುಷಿ. ಸೈಕಿಯಾಟ್ರಿಯಲ್ಲಿ ದೊಡ್ಡ ಮೆಷಿನ್ ಇಲ್ಲ, ಬಂಡವಾಳ ಅಂದ್ರೆ ಎರಡು ಕುರ್ಚಿ, ಒಂದು ಬಾಗಿಲು, ಆ ಬಾಗಿಲಿಂದ ಮಾತು ಆಚೆ ಹೋಗದ ಹಾಗೆ ಒಂದು ಗೋಡೆ. ಅಂಗಡಿಯ ಸ್ಟಾಕ್ ಯಾವುದು ಅಂದ್ರೆ ಡಾಕ್ಟರ್‌ನ ಸಮಯ. ಸುಮ್ನೆ ಉದಾಹರಣೆಗೆ, ಒಂದು ಫಾಲೋಅಪ್‌ಗೆ 600 ರೂಪಾಯಿ ಅಂತ ಇಟ್ಕೊಳ್ಳಿ. ಚೇತರಿಸಿಕೊಂಡ ಪೇಷಂಟ್‌ಗೆ 15 ನಿಮಿಷ ಸಾಕು, ಗಂಟೆಗೆ 2,400 ಆಯ್ತು. ಹೊಸ ಮಗುವಿಗೆ ಒಂದೂವರೆ ಗಂಟೆ ಬೇಕು. ಫೀಸು ಡಬಲ್ ಮಾಡಿ 1,200 ತಗೊಂಡ್ರೂ ಗಂಟೆಗೆ 800. ಅಂದ್ರೆ ಮೂರು ವರ್ಷ ಹೆಚ್ಚು ಓದಿ, ಗಂಟೆಗೆ ಕಮ್ಮಿ ದುಡಿಯೋ ಸಾಧ್ಯತೆ ಇದೆ. ದೊಡ್ಡ ಊರಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ ಈ ಲೆಕ್ಕ ಬದಲಾಗಬಹುದು. ಆದ್ರೆ ಸ್ಕೋಪ್ ಅನ್ನೋ ಪದ ಕೇಳಿದ ತಕ್ಷಣ ಆದಾಯ ಅಂತ ಅರ್ಥ ಮಾಡ್ಕೋಬೇಡಿ. ಬೇಡಿಕೆ ಇರೋದು ಬೇರೆ, ಆ ಬೇಡಿಕೆಗೆ ದುಡ್ಡು ಕೊಡೋ ಶಕ್ತಿ ಇರೋದು ಬೇರೆ. ಫಸ್ಟ್ ಇಯರ್ ಬಿಕಾಂ ಎಕನಾಮಿಕ್ಸ್‌ನಲ್ಲೇ ಇದನ್ನ ಹೇಳ್ಕೊಡ್ತಾರೆ.

ವ್ಯಸನ: ಯಾರಿಗೂ ಬೇಡವಾದ ಬ್ರಾಂಚ್, ಎಲ್ರಿಗೂ ಬೇಕಾದ ಕೆಲಸ

ನನ್ನ ಪ್ರಕಾರ ಅತಿ ಕಡಿಮೆ ಮಾತಾಡೋ ಬ್ರಾಂಚ್ ಇದು. ಮೊದಲು ಅಂಕಿ ಕೇಳಿ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಗೆ ಸಹಾಯ ಬೇಕು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದ್ರೂ ಚಿಕಿತ್ಸೆ ಸಿಕ್ಕಿತ್ತು. ಮೂವತ್ತೆಂಟರಲ್ಲಿ ಒಂದು! ಯಾವುದಾದ್ರೂ ಬಿಸಿನೆಸ್‌ನಲ್ಲಿ ಇಂಥ ಗ್ಯಾಪ್ ಕಂಡಿದ್ರೆ ಇಷ್ಟು ಹೊತ್ತಿಗೆ ಹತ್ತು ಸ್ಟಾರ್ಟಪ್ ಹುಟ್ಕೊಂಡಿರ್ತಿತ್ತು.

ಹಾಗಾದ್ರೆ ಹುಡುಗರು ಯಾಕೆ ತಗೊಳ್ಳಲ್ಲ? ಯಾಕಂದ್ರೆ ಈ ಪೇಷಂಟ್ ವಾಪಸ್ ಬರ್ತಾನೆ. ಮೂರು ತಿಂಗಳು ಬಿಟ್ಟಿರ್ತಾನೆ, ಅಣ್ಣನ ಮದುವೆಯಲ್ಲಿ ಮತ್ತೆ ಶುರು ಮಾಡಿರ್ತಾನೆ. ಹೆಂಡತಿ ಅಳ್ತಾ ಕೂತಿರ್ತಾರೆ, ವಾರ್ಡ್‌ನಲ್ಲಿ ಇವನಿಗೆ ಎಷ್ಟು ಸಲ ಅಂತ ನೋಡೋದು ಅಂತ ಗೊಣಗ್ತಾರೆ. ಡಾಕ್ಟರ್‌ಗೂ ತಾನು ಸೋತೆ ಅನ್ನಿಸತ್ತೆ. ಡಯಾಬಿಟಿಸ್ ಪೇಷಂಟ್ ಶುಗರ್ ಹಬ್ಬದಲ್ಲಿ ಹೆಚ್ಚಾದ್ರೆ ನಾವು ಹಾಗೆ ಅಂದುಕೊಳ್ಳಲ್ಲ ಅಲ್ವಾ? ವ್ಯಸನವೂ ಹಾಗೇ ಮರುಕಳಿಸೋ ಕಾಯಿಲೆ. ಈ ಮಾತು ತಲೆಗೆ ಹೋಗೋದು ಸುಲಭ, ಬೆಳಿಗ್ಗೆ ಹತ್ತು ಗಂಟೆಗೆ ಅದೇ ಮುಖ ಐದನೇ ಸಲ ಕಂಡಾಗ ಮನಸ್ಸಿಗೆ ಹೋಗೋದು ಕಷ್ಟ. ಅದು ಹೋಗತ್ತೆ ಅನ್ನೋರಿಗೆ ಈ ಬ್ರಾಂಚ್.

ಇದರ ಮೆಡಿಕಲ್ ಭಾಗ ಕೂಡ ಗಟ್ಟಿ. ವರ್ಷಗಟ್ಟಲೆ ದಿನಾ ಕುಡೀತಿದ್ದವರು ಏಕಾಏಕಿ ನಿಲ್ಲಿಸಿದ್ರೆ ಮೊದಲ ಎರಡು-ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಇಲ್ಲದವರು ಕಾಣಿಸೋದು, ದಿನ-ಸ್ಥಳ ಮರೆತು ಒದ್ದಾಡೋದೂ ಆಗಬಹುದು. ಇದಕ್ಕೆ ಡಿಲಿರಿಯಂ ಟ್ರೆಮೆನ್ಸ್ ಅಂತಾರೆ, ಜೀವಕ್ಕೇ ಅಪಾಯ. ಕಾಲು ಮುರಿದು ಅಡ್ಮಿಟ್ ಆದವರು ಮೂರನೇ ರಾತ್ರಿ ಡ್ರಿಪ್ ಕಿತ್ತು ಓಡೋದು, ವ್ರತಕ್ಕೆ ಅಂತ ಮಾಲೆ ಹಾಕಿ ಒಂದೇ ದಿನ ಪೂರ್ತಿ ಬಿಟ್ಟವರಿಗೆ ಫಿಟ್ಸ್ ಬರೋದು, ಇವು ನಮ್ಮ ಆಸ್ಪತ್ರೆಗಳಲ್ಲಿ ಗೊತ್ತಿರೋ ಚಿತ್ರಗಳೇ. ಊರಿನವರು ಗಾಳಿ ಸೋಕಿದೆ ಅಂತಾರೆ. ಬೇಕಿರೋದು ಸರಿಯಾದ ಔಷಧಿ ಮತ್ತು ಥಯಾಮಿನ್, ಅಂದ್ರೆ ಬಿ1 ವಿಟಮಿನ್, ಸರಿಯಾದ ಹೊತ್ತಿಗೆ. (ನಿಮ್ಮ ಮನೆಯಲ್ಲಿ ಯಾರಾದ್ರೂ ದಿನಾ ಜಾಸ್ತಿ ಕುಡಿಯೋರು ಬಿಡೋಕೆ ಹೊರಟಿದ್ರೆ ಮೊದಲು ಡಾಕ್ಟರ್‌ನ ಕೇಳಿ. ಬಿಡೋದು ಒಳ್ಳೇದೇ, ಬಿಡೋ ರೀತಿ ಮುಖ್ಯ.)

ಈ ಕೆಲಸಕ್ಕೆ ದೊಡ್ಡ ಟೀಮ್ ಇಲ್ಲದಿದ್ರೂ ಶುರು ಮಾಡಬಹುದು. ಒಬ್ಬ ಡಾಕ್ಟರ್, ಒಬ್ಬ ಒಳ್ಳೇ ನರ್ಸ್, ಒಬ್ಬ ಸೋಶಿಯಲ್ ವರ್ಕರ್, ಮನೆಯವರ ಒಂದು ಗುಂಪು. ಆದ್ರೆ ಒಂದು ನೆನಪಿಡಿ: ಮಾನಸಿಕ ರೋಗಿಗಳನ್ನ ಅಡ್ಮಿಟ್ ಮಾಡ್ಕೊಳ್ಳೋ ಕೇಂದ್ರ ತೆರೀಬೇಕಂದ್ರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಬೇಕು.

ಉಳಿದವು, ಸ್ವಲ್ಪ ವೇಗವಾಗಿ

ವಯೋವೃದ್ಧರ ಸೈಕಿಯಾಟ್ರಿಗೆ ಮುಂದೆ ಕೆಲಸ ಹೆಚ್ಚಾಗೋದರಲ್ಲಿ ಅನುಮಾನ ಬೇಡ. 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದ್ರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಂದಾಜು ಹೇಳತ್ತೆ. ಇಲ್ಲಿ ಪತ್ತೇದಾರಿ ಕೆಲಸ ಇದೆ. ಮರೆವು ಅಂತ ಬಂದ ಅಜ್ಜನಿಗೆ ಇರೋದು ಡಿಪ್ರೆಶನ್ ಆಗಿರಬಹುದು, ಬಿ12 ಕೊರತೆ ಆಗಿರಬಹುದು, ಥೈರಾಯ್ಡ್ ಆಗಿರಬಹುದು, ನಾಲ್ಕು ಬೇರೆ ಬೇರೆ ಡಾಕ್ಟರ್ ಬರೆದ ಒಂಬತ್ತು ಮಾತ್ರೆಗಳ ಜಗಳ ಆಗಿರಬಹುದು. ಒಂದು ಮಾತ್ರೆ ನಿಲ್ಲಿಸಿ ಮನುಷ್ಯನನ್ನ ವಾಪಸ್ ಕೊಡೋ ಭಾಗ್ಯ ಈ ಡಾಕ್ಟರ್‌ಗೆ ಸಿಗತ್ತೆ. ನಿಜವಾದ ಡಿಮೆನ್ಶಿಯಾ ಆದ್ರೆ ಪೇಷಂಟ್ ಇಬ್ಬರು: ಅಜ್ಜಿ ಒಬ್ರು, ರಾತ್ರಿಯಿಡೀ ಅವರನ್ನ ನೋಡ್ಕೊಂಡು ಬೆಳಿಗ್ಗೆ ಅಡುಗೆಗೆ ನಿಲ್ಲೋ ಸೊಸೆ ಇನ್ನೊಬ್ರು. ವಾಸಿ ಮಾಡೋ ತೃಪ್ತಿ ಇಲ್ಲಿ ಕಡಿಮೆ. ಹಗುರ ಮಾಡೋ ತೃಪ್ತಿ ಸಾಕು ಅನ್ನೋರಿಗೆ ಇದು ಸರಿ.

ಬಾಣಂತಿಯರ ಮಾನಸಿಕ ಆರೋಗ್ಯದ ವಿಷಯಕ್ಕೆ ಬಂದ್ರೆ ಬೆಂಗಳೂರಿಗೆ ಒಂದು ಹೆಮ್ಮೆ ಇದೆ. ತಾಯಿ ಮತ್ತು ಕೂಸನ್ನ ಬೇರೆ ಮಾಡದೆ ಒಟ್ಟಿಗೇ ಇಟ್ಕೊಂಡು ಚಿಕಿತ್ಸೆ ಕೊಡೋ ದೇಶದ ಮೊದಲ ವಿಶೇಷ ವಾರ್ಡ್ 2009ರಲ್ಲಿ ನಿಮ್ಹಾನ್ಸ್‌ನಲ್ಲಿ ಶುರುವಾಯ್ತು. ನಮ್ಮಜ್ಜಿಯರು ಬಾಣಂತಿ ಸನ್ನಿ ಅಂತಿದ್ದ ಕಾಯಿಲೆಗಳಲ್ಲಿ ಒಂದು ಪೋಸ್ಟ್‌ಪಾರ್ಟಮ್ ಸೈಕೋಸಿಸ್, ಸಾವಿರ ಹೆರಿಗೆಗೆ ಒಂದೆರಡು ಅಷ್ಟೇ, ಆದ್ರೆ ತುರ್ತು. ಡಿಪ್ರೆಶನ್ ಅದಕ್ಕಿಂತ ತುಂಬಾ ಸಾಮಾನ್ಯ. ಹಾಲುಣಿಸೋ ತಾಯಿಗೆ ಯಾವ ಮಾತ್ರೆ ಕೊಡಬಹುದು, ಎಷ್ಟು ಕೊಡಬಹುದು ಅಂತ ಧೈರ್ಯವಾಗಿ ಹೇಳೋ ಡಾಕ್ಟರ್ ಒಂದು ಊರಿನಲ್ಲಿ ಇದ್ರೆ, ಆ ಊರಿನ ಹೆರಿಗೆ ಡಾಕ್ಟರ್‌ಗಳೆಲ್ಲ ಅವರ ನಂಬರ್ ಇಟ್ಕೊಂಡಿರ್ತಾರೆ.

ಕಾನೂನಿನ ಸೈಕಿಯಾಟ್ರಿ ವೆಬ್ ಸೀರೀಸ್‌ನಲ್ಲಿ ಕಾಣೋ ಹಾಗಲ್ಲ. ಕೊಲೆಗಾರನ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಕಡಿಮೆ, ಫೈಲು ಜಾಸ್ತಿ. ಕೃತ್ಯ ನಡೆದ ಹೊತ್ತಿಗೆ ಆರೋಪಿಯ ಮಾನಸಿಕ ಸ್ಥಿತಿ ಹೇಗಿತ್ತು (ಹಳೇ ಐಪಿಸಿಯ ಸೆಕ್ಷನ್ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22), ವಿಲ್ ಬರೆಯುವಾಗ ಅಜ್ಜನಿಗೆ ಬುದ್ಧಿ ಸ್ಥಿಮಿತದಲ್ಲಿತ್ತಾ, ಅಂಗವೈಕಲ್ಯ ಪ್ರಮಾಣಪತ್ರ, ಕೋರ್ಟಿನಲ್ಲಿ ಸಾಕ್ಷಿ. ಬರವಣಿಗೆ ಇಷ್ಟ ಇದ್ದು, ವಕೀಲರ ಅಡ್ಡ ಪ್ರಶ್ನೆಗೆ ಮೈ ಉರಿಯದವರಿಗೆ ಸೂಕ್ತ. ಟಿಎಂಎಸ್ ಮೆಷಿನ್, ನಿದ್ರಾ ಕ್ಲಿನಿಕ್ ಇವೆಲ್ಲ ಇವೆ, ಒಳ್ಳೆಯವೇ. ಆದ್ರೆ ಅವು ಸೇರಿಸಿಕೊಳ್ಳೋ ಕೌಶಲ, ಇಡೀ ವೃತ್ತಿಯನ್ನ ಅವುಗಳ ಮೇಲೇ ಕಟ್ಟೋ ಮುಂಚೆ ಎರಡು ಸಲ ಯೋಚಿಸಿ.

ಜಿಲ್ಲೆಯ ಒಬ್ಬನೇ ಡಾಕ್ಟರ್

ಈಗ ನನಗೆ ನಿಜಕ್ಕೂ ಮುಖ್ಯ ಅನ್ನಿಸಿದ ಭಾಗ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಸೈಕಿಯಾಟ್ರಿಸ್ಟ್ ಕೂಡ ಇಲ್ಲ. 2019ರ ಅಂದಾಜು ಸುಮಾರು 0.75. ಅವರಲ್ಲೂ ಹೆಚ್ಚಿನವರು ಇರೋದು ದೊಡ್ಡ ಊರುಗಳಲ್ಲಿ. ಆಗಲೇ ಹೇಳಿದ ಅದೇ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಮಾತು ಹೇಳತ್ತೆ: ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆ ಯಾವುದು ಅನ್ನೋದರ ಮೇಲೆ, ಶೇ. 70ರಿಂದ 92.

ಇಂಥ ಕಡೆ ಜಿಲ್ಲೆಯಲ್ಲಿ ಕೂತ ಡಾಕ್ಟರ್‌ಗೆ ಸಬ್‌ಸ್ಪೆಷಾಲಿಟಿ ಅನ್ನೋದು ಇರೋದೇ ಇಲ್ಲ. ಅಥವಾ ಎಲ್ಲವೂ ಅವರದ್ದೇ. ಬೆಳಿಗ್ಗೆ ಓಪಿಡಿಯಲ್ಲಿ ವರ್ಷದಿಂದ ಮಾತ್ರೆ ತಗೊಂಡು ಈಗ ಹೊಲಕ್ಕೆ ಹೋಗ್ತಿರೋ ಸ್ಕಿಜೋಫ್ರೇನಿಯಾ ಪೇಷಂಟ್, ಮಧ್ಯಾಹ್ನ ಮೆಡಿಸಿನ್ ವಾರ್ಡ್‌ನಿಂದ ಬುಲಾವ್, ಸಂಜೆ ಪೊಲೀಸರು ಕರ್ಕೊಂಡು ಬಂದ ಯಾರೋ ಅಲೆಮಾರಿ ಹೆಂಗಸು, ನಡುವೆ ಅಂಗವೈಕಲ್ಯ ಪ್ರಮಾಣಪತ್ರದ ಸಾಲು. "ಎದಿ ಢವಢವ ಅಂತೈತಿ, ತಲಿ ಭಾರ, ಕೈಕಾಲು ಜೋಮು ಹಿಡಿತಾವ" ಅಂತ ಬರೋ ಹೆಣ್ಣುಮಗಳು ಅಷ್ಟರೊಳಗೆ ಹೃದಯದ ಡಾಕ್ಟರ್, ನರದ ಡಾಕ್ಟರ್ ಎಲ್ಲ ಮುಗಿಸಿ ಬಂದಿರ್ತಾಳೆ. ಆ ಭಾಷೆ ಅರ್ಥ ಆಗೋದು ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಡಾಕ್ಟರ್‌ಗೆ. ಇದನ್ನ ಯಾವ ಡಿಎಂ ಕೂಡ ಕಲಿಸಲ್ಲ.

ಇದಕ್ಕೆ ಒಂದು ದೊಡ್ಡ ಕನ್ನಡನಾಡಿನ ಇತಿಹಾಸ ಇದೆ. ಸ್ಪೆಷಲಿಸ್ಟ್‌ಗಳು ಸಾಲಲ್ಲ ಅಂತ ಗೊತ್ತಾದಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನ ಹಳ್ಳಿಗೆ ಒಯ್ಯೋ ಪ್ರಯೋಗವನ್ನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡ್ತು. ಅದೇ ಬಳ್ಳಾರಿ ಮಾದರಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಸೈಕಿಯಾಟ್ರಿಸ್ಟ್ ಬರೋ ಮನೋಚೈತನ್ಯ ಕ್ಲಿನಿಕ್ ಕೂಡ ಅದೇ ಯೋಚನೆಯ ಮುಂದುವರಿಕೆ. ಅಂದ್ರೆ ಜಿಲ್ಲೆಯಲ್ಲಿ ಕೆಲಸ ಮಾಡೋದು ಸ್ಪೆಷಾಲಿಟಿ ಸಿಗದವರು ಮಾಡೋ ಕೆಲಸ ಅಲ್ಲ, ಅದೇ ಒಂದು ಸ್ಪೆಷಾಲಿಟಿ. ಸಮುದಾಯ ಸೈಕಿಯಾಟ್ರಿ ಅಂತ ಅದಕ್ಕೊಂದು ಹೆಸರೂ ಇದೆ.

ಕಷ್ಟ ಇಲ್ವಾ? ಇದೆ. ಒಂಟಿತನ ಮೊದಲನೇದು. ಗೊತ್ತಾಗದ ಕೇಸ್ ಬಂದಾಗ ಪಕ್ಕದ ರೂಮಿನಲ್ಲಿ ಕೇಳೋಕೆ ಸೀನಿಯರ್ ಇರಲ್ಲ. ರಜೆ ಹಾಕಿದ್ರೆ ಓಪಿಡಿನೇ ಬಂದ್. ಔಷಧಿ ಇಂಡೆಂಟ್, ಮೀಟಿಂಗ್, ವರದಿ ಅಂತ ಅರ್ಧ ದಿನ ಹೋಗತ್ತೆ. ಒಬ್ಬ ಪೇಷಂಟ್ ಆತ್ಮಹತ್ಯೆ ಮಾಡ್ಕೊಂಡ್ರೆ ಆ ಭಾರ ಹಂಚ್ಕೊಳ್ಳೋಕೆ ಅದೇ ವೃತ್ತಿಯ ಇನ್ನೊಬ್ರು ಊರಲ್ಲಿ ಇರಲ್ಲ. ನಾನು ಮಾತಾಡಿದ ಮೂವರಲ್ಲಿ ಜಿಲ್ಲೆಯಲ್ಲಿ ಕೆಲಸ ಮಾಡಿದವರು ಒಬ್ಬರೇ, ಮತ್ತು ಅವರು ಸಂಬಳದ ಬಗ್ಗೆ ಏನೂ ಹೇಳಲಿಲ್ಲ, ಇದೊಂದನ್ನೇ ಹೇಳಿದ್ರು. ಬ್ಯಾಚ್‌ಮೇಟ್‌ಗಳ ಜೊತೆ ವಾರಕ್ಕೊಮ್ಮೆ ಕೇಸ್ ಮಾತಾಡೋ ಒಂದು ವಿಡಿಯೋ ಕಾಲ್ ಇಲ್ಲದಿದ್ರೆ ತಾನು ಎಂದೋ ಬಿಟ್ಟು ಬರ್ತಿದ್ದೆ ಅಂದ್ರು.

ಹಾಗಾದ್ರೆ ವಾಪಸ್ ಹೋಗ್ಬೇಕಾ, ಓದ್ಬೇಕಾ?

ನಮ್ಮ ಡಾಕ್ಟರ್ ಮೇಡಂಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮೊದಲು ಊರು ತೀರ್ಮಾನ ಮಾಡಿ, ಆಮೇಲೆ ಬ್ರಾಂಚ್. ಎಲ್ರೂ ಇದನ್ನ ಉಲ್ಟಾ ಮಾಡ್ತಾರೆ. ಮಕ್ಕಳ ಸೈಕಿಯಾಟ್ರಿಯಲ್ಲಿ ಡಿಎಂ ಮಾಡಿದ್ಮೇಲೆ ಟೀಮ್ ಇರೋ ಊರನ್ನೇ ಹುಡುಕಬೇಕು, ಊರಿಗೆ ವಾಪಸ್ ಹೋಗೋ ಬಾಗಿಲು ತಾನಾಗೇ ಕಿರಿದಾಗತ್ತೆ. ಅದು ತಪ್ಪಲ್ಲ, ಗೊತ್ತಿದ್ದು ಮಾಡಿ. ಊರಿಗೇ ಹೋಗ್ಬೇಕು ಅಂತಿದ್ರೆ ವ್ಯಸನ ಚಿಕಿತ್ಸೆ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯ, ಈ ಎರಡರಲ್ಲಿ ಕೈ ಪಳಗಿಸಿಕೊಳ್ಳಿ. ಎರಡಕ್ಕೂ ಜಿಲ್ಲೆಯಲ್ಲಿ ಪೇಷಂಟ್ ಇದ್ದಾರೆ, ಎರಡೂ ಸಣ್ಣ ಟೀಮ್‌ನಲ್ಲಿ ನಡೆಯತ್ತೆ. ಮೂರು ವರ್ಷದ ಡಿಎಂ ಬೇಕಿಲ್ಲ, ಒಂದು ವರ್ಷದ ಫೆಲೋಶಿಪ್ ಸಾಕು.

ಕಾಮರ್ಸ್‌ನಲ್ಲಿ ಅವಕಾಶ ವೆಚ್ಚ ಅಂತ ಒಂದು ಪದ ಇದೆ. ಮೂರು ವರ್ಷದ ಡಿಎಂ ಖರ್ಚು ಅಂದ್ರೆ ಫೀಸು, ಹಾಸ್ಟೆಲ್ ಅಲ್ಲ. ಆ ಮೂರು ವರ್ಷ ನೀವು ಕನ್ಸಲ್ಟಂಟ್ ಆಗಿ ದುಡೀಬಹುದಾಗಿದ್ದ ಹಣದಲ್ಲಿ ಡಿಎಂ ಸ್ಟೈಪೆಂಡ್ ಕಳೆದು ಉಳಿದದ್ದು, ಅದಕ್ಕೆ ಲೋನಿನ ಬಡ್ಡಿ ಸೇರಿಸಿ. ಆ ಸಂಖ್ಯೆಯನ್ನ ಒಂದು ಕಾಗದದಲ್ಲಿ ಬರೆದು ಅಪ್ಪಾಜಿ ಎದುರು ಇಡಿ. ಅವರು ಬೇಡ ಅನ್ನೋದಕ್ಕೆ ಕಾರಣ ದುಡ್ಡಾ, ಮದುವೆನಾ, ಅಥವಾ ಸಂತೆಯಲ್ಲಿ ಸಿಕ್ಕವರು ಹುಚ್ಚರ ಡಾಕ್ಟರ್ ಅಪ್ಪ ಅಂತಾರೆ ಅನ್ನೋ ಮುಜುಗರನಾ, ಆಗ ಗೊತ್ತಾಗತ್ತೆ. ಲೆಕ್ಕ ಬಿಡಿಸಿದ್ಮೇಲೆ ಉಳಿಯೋದೇ ನಿಜವಾದ ಮಾತುಕತೆ.

ಇದೆಲ್ಲಕ್ಕಿಂತ ಅಗ್ಗದ ಒಂದು ಉಪಾಯ ಇದೆ. ಎಂಡಿ ಮುಗಿದ್ಮೇಲೆ ಸೀನಿಯರ್ ರೆಸಿಡೆನ್ಸಿ. ಮೆಡಿಕಲ್ ಕಾಲೇಜಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಸಾಮಾನ್ಯವಾಗಿ ಒಂದು ವರ್ಷ ಅದು ಬೇಕು. ಸಂಬಳ ಬರತ್ತೆ, ಲೋನು ಕರಗತ್ತೆ, ನಿಮಗೆ ಮನಸ್ಸಿರೋ ಬ್ರಾಂಚ್ ಗಟ್ಟಿಯಾಗಿರೋ ವಿಭಾಗದಲ್ಲಿ ಸೇರಿಕೊಂಡ್ರೆ ಒಳಗಿಂದ ನೋಡಬಹುದು. ಆರು ತಿಂಗಳಾದ ಮೇಲೂ ಸೋಮವಾರ ಬೆಳಿಗ್ಗೆ ಆ ಓಪಿಡಿಗೆ ಹೋಗೋಕೆ ಕಾಲು ಎಳೆಯದಿದ್ರೆ ಡಿಎಂ ಎಂಟ್ರೆನ್ಸ್‌ಗೆ ಕೂತ್ಕೊಳ್ಳಿ. ಎರಡನೇ ವರ್ಷದಲ್ಲೇ ಉತ್ತರ ಬೇಕಂತ ಯಾರೂ ಸ್ಟಾಂಪ್ ಪೇಪರ್ ಹಿಡ್ಕೊಂಡು ನಿಂತಿಲ್ಲ. ಬಾಂಡ್ ಇದ್ರೆ ಮಾತ್ರ ಅದರ ಷರತ್ತನ್ನ ಮೊದಲು ಓದಿ.

ಡಾಕ್ಟರ್ ಅಲ್ಲದವರಿಗೆ

ಇಷ್ಟು ಹೊತ್ತು ಕೇಳಿದ ಉಳಿದವರಿಗೆ ಏನು ಸಿಕ್ತು? ಇದೇ ನಕ್ಷೆ ನಿಮಗೂ ಬೇಕಾಗತ್ತೆ. ಮನೆಯಲ್ಲಿ ಯಾರಿಗಾದ್ರೂ ತೊಂದ್ರೆ ಆದಾಗ ಮೊದಲು ಹತ್ತಿರದ ಸಾಮಾನ್ಯ ಸೈಕಿಯಾಟ್ರಿಸ್ಟ್ ಹತ್ರ ಹೋಗಿ. ಹೆಚ್ಚಿನ ತೊಂದರೆ ಅಲ್ಲೇ ಬಗೆಹರಿಯತ್ತೆ. ದೊಡ್ಡ ಹೆಸರಿನ ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾದು ಈಗಿನ ಚಿಕಿತ್ಸೆ ತಡ ಮಾಡಬೇಡಿ. ಚಿಕ್ಕ ಮಗುವಿನ ಮಾತು-ಬೆಳವಣಿಗೆ ವಿಷಯ ಆದ್ರೆ ಟೀಮ್ ಇರೋ ಕಡೆ ಹೋಗಿ. ಅಜ್ಜ ಅಜ್ಜಿಯ ಮರೆವಿಗೆ ಹೋಗುವಾಗ ಅವರು ನುಂಗೋ ಎಲ್ಲ ಮಾತ್ರೆಗಳನ್ನ ಒಂದು ಕವರಲ್ಲಿ ತುಂಬಿ ತಗೊಂಡು ಹೋಗಿ, ಆಯುರ್ವೇದದ್ದೂ ಸೇರಿಸಿ. ಇನ್ಶೂರೆನ್ಸ್ ಇದ್ರೆ ಕೇಳಿ: ದೈಹಿಕ ಕಾಯಿಲೆಗೆ ಇರೋ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯೇ ಹೇಳತ್ತೆ. ಆದ್ರೆ ಅಡ್ಮಿಟ್ ಆಗದೆ ಓಪಿಡಿಯಲ್ಲಿ ತೋರಿಸಿದ್ದಕ್ಕೆ ನಿಮ್ಮ ಪಾಲಿಸಿ ದುಡ್ಡು ಕೊಡತ್ತಾ ಅಂತ ಬೇರೆಯಾಗಿ ನೋಡ್ಕೊಳ್ಳಿ.

ಎಲ್ಲಿಗೆ ಹೋಗ್ಬೇಕು ಅಂತಲೇ ಗೊತ್ತಾಗದಿದ್ರೆ, ಅಥವಾ ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟಿದ್ರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ.

ಸೈಕಿಯಾಟ್ರಿ, ಸೈಕಾಲಜಿ, ನರ್ಸಿಂಗ್ ಓದ್ತಿರೋರು ಯಾರಾದ್ರೂ ಇದ್ರೆ ನಿಮ್ಮ ಕಾಲೇಜಲ್ಲಿ ಈ ಪೋಸ್ಟಿಂಗ್‌ಗಳು ಹೇಗಿವೆ ಅಂತ ವಾಯ್ಸ್ ನೋಟ್ ಕಳಿಸಿ, ಹೆಸರು ಬೇಡ ಅಂದ್ರೆ ಹೇಳಲ್ಲ. ಮುಂದಿನ ವಾರ ಕ್ಲಿನಿಕಲ್ ಸೈಕಾಲಜಿ ಓದೋ ದಾರಿ, ಅದರ ಖರ್ಚು, ಮತ್ತು ಇನ್‌ಸ್ಟಾಗ್ರಾಂನಲ್ಲಿ ಕಾಣೋ ಮೂರು ತಿಂಗಳ ಕೌನ್ಸೆಲಿಂಗ್ ಸರ್ಟಿಫಿಕೇಟ್‌ಗಳ ಕಥೆ.